ಎರಡು ಕೀಲಿಗಳ ನಡುವಿನ ದೂರ

ಪೂಜ್ಯ ಮಾವನವರಿಗೆ,

ನಮಸ್ಕಾರ. ಅಕ್ಷರ ನಿಮ್ಮ ಮಗಳದು, ಮಾತು ನನ್ನದು. ನನ್ನ ಬಲಗೈಗೆ ಪಟ್ಟಿ ಕಟ್ಟಿದ್ದಾರೆ. ನಿಮ್ಮ ಮಗನನ್ನು ಬೈಯಬೇಡಿ. ಕ್ಷಿಪಣಿ ಕಾಯುವ ನಮ್ಮಿಬ್ಬರಿಗೂ ಕಲಿಸಿದ್ದನ್ನೇ ಅವನು ಮಾಡಿದ.

ಹೊಸ ಕ್ಷಿಪಣಿಗೆ ತಂತಿ ಎಳೆಯುತ್ತಿರುವ ನಿಮ್ಮ ಕೆಲಸಗಾರರು ಪರೀಕ್ಷೆಗೆಂದು ಕಳಿಸಿದ ಉಡಾವಣೆಯ ಆದೇಶ, ತಪ್ಪಿ ನಮ್ಮ ಹಳೆಯ ನೆಲಮಾಳಿಗೆಗೆ ಬಂತು. ನಾವು ನಿಜವೆಂದೇ ನಂಬಿದೆವು. ಇಬ್ಬರೂ ಒಂದೇ ಕ್ಷಣಕ್ಕೆ ತಮ್ಮ ತಮ್ಮ ಕೀಲಿ ತಿರುಗಿಸಬೇಕಿತ್ತು. ನನಗೆ ಕೈ ಬರಲಿಲ್ಲ.

"ತಿರುಗಿಸಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅಳುತ್ತಲೇ ಬಂದವನು ಸ್ಪ್ಯಾನರಿನಿಂದ ನನ್ನ ಬಾಯಿಗೆ ಬಾರಿಸಿದ. ಮುಂದಿನ ಹಲ್ಲುಗಳು ಉದುರಿದವು. ನನ್ನ ಕೈಯನ್ನು ಕೀಲಿಗೆ ಒತ್ತಿ ಹಿಡಿದು, ಬೆರಳುಗಳು ಲಟಲಟನೆ ಮುರಿಯುವವರೆಗೂ ತಿರುಚಿದ. ನಾನು ಉಳಿದ ಹಲ್ಲುಗಳಿಂದಲೇ ಅವನ ಕಿವಿ ಕಚ್ಚಿ ಹರಿದೆ. ಹೊಲಿಗೆ ಹಾಕಿದ್ದಾರೆ. ಅತ್ತೆಯವರು ಕೇಳಿದರೆ ಬಾಗಿಲು ತಗುಲಿತೆಂದು ಹೇಳಿ.

ಒಂದೇ ಕೋರಿಕೆ. ನೀವು ಕಟ್ಟಿಸುತ್ತಿರುವ ಹೊಸ ಕೋಣೆಯ ನಕ್ಷೆಯಲ್ಲಿ ಎರಡೂ ಕೀಲಿಗಳು ಒಂದೇ ಮೇಜಿನ ಮೇಲೆ, ಅಕ್ಕಪಕ್ಕದಲ್ಲಿವೆ. ನಮ್ಮ ಹಳೆಯ ಕೋಣೆಯಲ್ಲಿ ಅವು ಎದುರುಬದುರು ಗೋಡೆಗಳಲ್ಲಿವೆ. ಹೊಸದರಲ್ಲೂ ದಯವಿಟ್ಟು ಹಾಗೆಯೇ ಇಡಿಸಿ.

ಇಲ್ಲಿ ಎಲ್ಲರೂ ಬಂದು ನನ್ನ ಧೈರ್ಯ ಹೊಗಳಿ ಹೋಗುತ್ತಿದ್ದಾರೆ. ನಿಮಗಾದರೂ ನಿಜ ಗೊತ್ತಿರಲಿ. ನನ್ನ ಕೀಲಿ ತಿರುಗಿತ್ತು, ಮಾವ. ಅವನದಕ್ಕೆ ಅವನ ಕೈ ಎಟುಕಲಿಲ್ಲ, ಅಷ್ಟೇ.

ಇಂತಿ,
ನಿಮ್ಮ ಅಳಿಯ