ಏರು ಹತ್ತದ ಸೈಕಲ್ಲು

ಮಣ್ಣೂರ
೮ ಡಿಸೆಂಬರ್ ೨೦೨೪, ಭಾನುವಾರ

ಸೃಷ್ಟಿಯ ಪಪ್ಪ ಕಲ್ಯಾಣಕುಮಾರ ಅವರಿಗೆ ಶರಣಾರ್ಥಿಗಳು.

‘ಪ್ರೀತಿಯ’ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಬೆಳಗಿನ ಬಸ್ಸಿಗೆ ಸೃಷ್ಟಿಯನ್ನು ಕರೆದುಕೊಂಡು ಅವ್ವನ ಮನೆ ಮುಟ್ಟಿದ್ದೇನೆ. ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ನಾನು ಕರಗುತ್ತೇನೆ, ಅದು ನಿಮಗೂ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಸಂಜೆಯಾದರೆ ನೀವು ಅಂಗಳದಲ್ಲಿ ಕೂತು ನನ್ನ ಸೈಕಲ್ ಒರೆಸಿ ಚೈನಿಗೆ ಎಣ್ಣೆ ಬಿಡುತ್ತಿದ್ದಿರಿ. ಎದುರು ಮನೆಯ ಅಖ್ತರಬೇಗಂ, “ನಸೀಬ್ ನಿಂದು ಸೀಮಾ, ನಮ್ಮನಿಯಾಗ ಕುಡದ ಚಾದ ಕಪ್ಪು ಸುದ್ದಾ ಎತ್ತಂಗಿಲ್ಲ” ಎಂದಾಗ ನಾನು ಉಬ್ಬಿಹೋಗುತ್ತಿದ್ದೆ. ಜನವರಿಯ ಮಹಿಳಾ ಸೈಕಲ್ ಸ್ಪರ್ಧೆಗೆ ಹೋಗಬೇಕು, ಆದರೆ ಏರು ಬಂದರೆ ಉಸಿರು ಕಟ್ಟುತ್ತದೆ ಎಂದಾಗ, ಪಂಚಶೀಲಾ ಮೇಡಂ ಅವರ ಭಾನುವಾರದ ತರಬೇತಿಗೆ ಹೆಸರು ಹಚ್ಚಿದವರೂ ನೀವೇ. ಏರು ಬರುವ ಮೊದಲೇ ಗೇರು ಇಳಿಸುವುದು, ಎದ್ದು ನಿಂತು ತುಳಿಯುವುದು, ತುದಿ ನೋಡದೆ ಮುಂದಿನ ಗಾಲಿಯಷ್ಟೇ ನೋಡುವುದು, ಎಲ್ಲ ಕಲಿತೆ.

ದಸರೆಯ ಮರುವಾರ ನಾವಿಬ್ಬರೂ ಒಂದೊಂದು ಸೈಕಲ್ ಹತ್ತಿ ನಿಂಬರ್ಗಾ ರಸ್ತೆಗೆ ಹೋದೆವಲ್ಲ, ಏರಿನ ಮೇಲೆ ನಾನೇ ಮೊದಲು ಮುಟ್ಟಿದೆ. ಅಲ್ಲಿ ಚಹಾ ಕುಡಿಯುತ್ತಿದ್ದ ನಿಮ್ಮ ಗೆಳೆಯ ರೇವಣಪ್ಪ, “ಏನಲೇ ಕಲ್ಯಾಣ, ಹೆಂಡ್ತಿ ಹಿಂದ ಧೂಳ ತಿನಕೋತ ಬರಾಕತ್ತೀಯಲ್ಲೋ” ಎಂದ. ಎಲ್ಲರೂ ನಕ್ಕರು, ನೀವೂ ನಕ್ಕಿರಿ. ನಾನು ಅದನ್ನು ನಗು ಎಂದೇ ತಿಳಿದೆ.

ಆಮೇಲಿನ ಭಾನುವಾರಗಳಲ್ಲಿ ಕಾಲು ಕಲ್ಲಾದವು. ಹೊಸದಾಗಿ ಸೇರಿದವರೂ ನನ್ನನ್ನು ದಾಟಿ ಹೋದರು. ಮನೆಗೆ ಬಂದು ಅತ್ತುಬಿಟ್ಟೆ. ನೀವು ಕಾಲಿಗೆ ಎಣ್ಣೆ ತಿಕ್ಕುತ್ತ, “ವಯಸ್ಸಾತು ಬೇ, ಸಾಕ್ ಮಾಡು ಇನ್ನ” ಎಂದಿರಿ. ನಂಬಿದೆ. ಮೂವತ್ತಾರಕ್ಕೇ ಮುದುಕಿಯಾದೆನೇನೋ ಎಂದು ಕನ್ನಡಿ ಮುಂದೆ ನಿಂತು ತೊಡೆ ಹಿಚುಕಿ ನೋಡಿಕೊಂಡೆ.

ನನ್ನ ಹೆಸರು ತೆಗೆದುಬಿಡಿ ಎಂದು ಹೇಳಲು ಹೋದ ದಿನ ಮೇಡಂ ಸೈಕಲ್ ಎತ್ತಿ ಹಿಂದಿನ ಗಾಲಿ ತಿರುಗಿಸಿದರು. ಸುತ್ತು ಹೊಡೆಯುವ ಮೊದಲೇ ಅದು ನಿಂತಿತು. “ಕಾಲಿಗ್ಯಾಕ ಬೈತಿ ತಂಗಿ, ಬ್ರೇಕು ಗಾಲಿ ಹಿಡಿಯಾಕತ್ತದ” ಎಂದರು. ಅವತ್ತೂ ನಿಮ್ಮ ಮೇಲೆ ಅನುಮಾನ ಬರಲಿಲ್ಲ. ನಮ್ಮ ಆಳಂದದ ರಸ್ತೆಯ ಕುಣಿಗಳನ್ನೇ ಬೈದುಕೊಂಡು ಬಂದೆ.

ಮುಂದಿನ ಶನಿವಾರ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಪಾನಾ ಹಿಡಿದು ಹಿಂದಿನ ಬ್ರೇಕು ಬಿಗಿ ಮಾಡಿದಿರಿ. ಗಾಲಿ ತಿರುಗಿಸಿ, ಕಿವಿ ಹಚ್ಚಿ ಕೇಳಿ, ಸಪ್ಪಳ ಬಂತೆಂದು ಒಂದಿಷ್ಟೇ ಸಡಿಲಿಸಿದಿರಿ. ಗಾಲಿ ಹಿಡಿಯಬೇಕು, ನನಗೆ ಗೊತ್ತಾಗಬಾರದು. ಇಷ್ಟು ನಾಜೂಕಿನ ಕೆಲಸ ನನ್ನ ಸಲುವಾಗಿ ನೀವು ಎಂದೂ ಮಾಡಿರಲಿಲ್ಲ. ಒಳಗೆ ಬಂದು ಕೈ ತೊಳೆದು ಚಹಾ ಕೇಳಿದಿರಿ. ಮಾಡಿಕೊಟ್ಟೆ.

ಆದರೂ ಸ್ಪರ್ಧೆಯ ತಂಡದಲ್ಲಿ ನನ್ನ ಹೆಸರು ಬಂತು. ಆ ಸುದ್ದಿ ಹೇಳಿದಾಗ ನೀವು ನನ್ನ ಮುಖ ನೋಡಲಿಲ್ಲ, ಸೈಕಲ್ ಕಡೆ ನೋಡಿದಿರಿ.

ನಿನ್ನೆ ಸಂಜೆ ಕೇಳಿಯೇಬಿಟ್ಟೆ. “ಇಳಿಜಾರಿನ್ಯಾಗ ನಿನಗೇನರ ಆದ್ರ? ನಿನ್ನ ಜೀವದ ಸಲುವಾಗಿ ಮಾಡೇನಿ” ಎಂದಿರಿ. ಜೀವದ ಕಾಳಜಿ ಇದ್ದವರು ಹೇಳಿ ಮಾಡುತ್ತಾರೆ. ನೀವು ನನಗೆ ಮೋಸ ಮಾಡಿದಿರಿ. ರೇವಣಪ್ಪನ ಒಂದು ಮಾತಿಗೆ ನನ್ನ ಕಾಲುಗಳನ್ನು ನಾನೇ ಶಪಿಸುವಂತೆ ಮಾಡಿದಿರಿ, ಆ ಕಾಲುಗಳನ್ನೇ ಒತ್ತಿ ಸಮಾಧಾನವನ್ನೂ ಹೇಳಿದಿರಿ. ಇದನ್ನು ನುಂಗಲು ನನ್ನಿಂದ ಆಗುತ್ತಿಲ್ಲ.

ಸೈಕಲ್ ಬಸ್ಸಿನ ಮೇಲೆ ಹಾಕಿಸಿಕೊಂಡು ತಂದಿದ್ದೇನೆ. ಸೃಷ್ಟಿಗೆ ಇನ್ನೂ ಶಾಲೆಯ ವಯಸ್ಸಲ್ಲ, ಅದೊಂದು ಅನುಕೂಲ. ಸ್ಪರ್ಧೆ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಆಮೇಲೆ ಆಳಂದಕ್ಕೆ ಬರುತ್ತೇನೋ ಇಲ್ಲವೋ, ಇವತ್ತು ಹೇಳಲಾರೆ.

ಇಂತಿ,
ಸೀಮಾ

ತಾ.ಕ.: ಒಂದು ಮಾತು ಮುಚ್ಚಿಟ್ಟಿದ್ದೆ. ಕಿಟಕಿಯಿಂದ ನೋಡಿದ ಮೇಲೆ ಭಾನುವಾರ ಊರು ದಾಟಿದ ಕೂಡಲೇ ಇಳಿದು ಬ್ರೇಕು ಸಡಿಲಿಸುತ್ತಿದ್ದೆ. ಮರಳುವಾಗ ಅಲ್ಲೇ ನಿಂತು, ನೀವು ಇಟ್ಟ ಹಾಗೆಯೇ ಬಿಗಿದು ತರುತ್ತಿದ್ದೆ. ಸಿಕ್ಕಿಬಿದ್ದ ನಾಚಿಕೆ ನಿಮಗಾಗಬಾರದು, ಒಂದು ಶನಿವಾರ ನೀವಾಗಿಯೇ ಬಿಟ್ಟುಬಿಡುತ್ತೀರಿ ಎಂದು ಕಾದೆ. ಹೋದ ಭಾನುವಾರ ಮಾತ್ರ ಸಡಿಲಾಗಿಯೇ ತಂದು ನಿಲ್ಲಿಸಿದೆ, ನನಗೆ ತಿಳಿದಿದೆ ಎಂದು ನಿಮಗೆ ತಿಳಿಯಲಿ ಎಂದು. ನಿಮಗೆ ತಿಳಿಯಿತು. ನಿನ್ನೆ ಇನ್ನೂ ಒಂದು ಸುತ್ತು ಹೆಚ್ಚು ಬಿಗಿದಿದ್ದಿರಿ.