ಕೌಂಟರಿನ ಗಂಟೆ

ಕೃಷ್ಣರಾಜಪೇಟೆ
೧೪ ನವೆಂಬರ್ ೨೦೨೫, ಶುಕ್ರವಾರ ಬೆಳಗ್ಗೆ

ನನ್ನ ತಂಗಿ ವೀಣಳಿಗೆ,

ಅಕ್ಕನ ಆಶೀರ್ವಾದ ತೆಗೆದುಕೊಳ್ಳುವ ಮನಸ್ಸಿದ್ದರೆ ತೆಗೆದುಕೋ. ಇಲ್ಲದಿದ್ದರೆ ಲಕೋಟೆಯಲ್ಲೇ ಇರಲಿ, ಕೆಡುವ ಪದಾರ್ಥವಲ್ಲ.

ಹನ್ನೆರಡು ದಿನದಿಂದ ನಿನ್ನ ಫೋನು ಆಫ್ ಆಗಿದೆ. ನೀನಿರುವ ಶ್ರೀರಂಗಪಟ್ಟಣದ ಮನೆಗೆ ಫೋನು ಮಾಡಿದರೆ ಚಿಕ್ಕಮ್ಮ, "ಉಣ್ತಾವ್ಳೆ, ಮಲಗ್ತಾವ್ಳೆ, ಮಾತು ಮಾತ್ರ ಕೇಳ್ಬ್ಯಾಡ ಕಣವ್ವ" ಅನ್ನುತ್ತಾರೆ. ನಿನ್ನೆ ಇನ್ನೊಂದು ಸಂಗತಿಯನ್ನೂ ಹೇಳಿದರು. ಸೋಮವಾರ ಮಂಡ್ಯದ ವಿಚಾರಣೆಗೆ ನೀನು ಹೇಳಿಕೆ ಬರೆದಿಟ್ಟಿದ್ದೀಯಂತೆ. 'ಬಸುರಿ ಮೇಘನ ಸತ್ತದ್ದು ನನ್ನೊಬ್ಬಳ ತಪ್ಪಿನಿಂದ, ಇನ್ನು ಮೇಲೆ ಡಾಕ್ಟರಿಕೆ ಮಾಡುವುದಿಲ್ಲ' ಅಂತ ಅದರಲ್ಲಿ ಇದೆಯಂತೆ. ಸಹಿಯನ್ನೂ ಹಾಕಿದ್ದೀಯಂತೆ.

ಆ ಹಾಳೆ ಕೊಡಬೇಡ. ಇಷ್ಟು ಹೇಳುವುದಕ್ಕೇ ಈ ಕಾಗದ. ಮಿಕ್ಕದ್ದು ನನ್ನ ಹಳೇ ಚಾಳಿ. ಒಂದು ಮಾತ್ರೆ ಕೇಳಿದವರಿಗೆ ಇಡೀ ಡಬ್ಬಿಯ ಕಥೆ ಹೇಳುವವಳಲ್ಲವೇ ನಾನು.

ಅಪ್ಪನ ಕುಲುಮೆ ಆರಿದ ವರ್ಷ ನಾನು ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕತ್ತರಿಸಿ ಕೊಡುವ ಕೆಲಸಕ್ಕೆ ನಿಂತೆ. ನೀನಾಗ ಎಂಟನೇ ಕ್ಲಾಸು. ಆ ಕತ್ತರಿಯಿಂದಲೇ ನೀನು ಡಾಕ್ಟರಾದೆ, ನಾನು ಹದಿನಾಲ್ಕು ಹಾಸಿಗೆಯ ನರ್ಸಿಂಗ್ ಹೋಮಿನ ಯಜಮಾನಿಯಾದೆ. ಇದನ್ನು ಊರಿನಲ್ಲಿ ಕೇಳಿದವರಿಗೂ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಆ ಹದಿನಾಲ್ಕು ಹಾಸಿಗೆಗೂ ಡಾಕ್ಟರು ನೀನೊಬ್ಬಳೇ ಅನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೋದ ವರ್ಷ ನೀನು ಹೇಗಿದ್ದೆ ಅಂತ ನೀನು ನೋಡಿಲ್ಲ, ನಾನು ನೋಡಿದ್ದೇನೆ. ರೋಗಿಗಳು ಆರಕ್ಕೆ ಮುಗಿದರೂ ಕೇಸ್ ಶೀಟು, ವಿಮೆಯ ಫಾರಂ, ಡಿಸ್ಚಾರ್ಜ್ ಚೀಟಿ ಬರೆಯುತ್ತ ಎಂಟು ಎಂಟೂವರೆವರೆಗೆ ಕೂರುತ್ತಿದ್ದೆ. ತಟ್ಟೆಯಲ್ಲಿ ಮುದ್ದೆ ಆರಿ ಕಲ್ಲಾಗುತ್ತಿತ್ತು. ಒಂದು ದಿನ ಸ್ಕ್ಯಾನಿಂಗ್ ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ನಾನು ಬಾಗಿಲು ಬಡಿದಾಗ, "ಅಕ್ಕ, ಒಳಗೆ ಬರೋರ ಮುಖ ನೋಡಿದ್ರೇ ಸಿಟ್ಟು ಬರುತ್ತೆ ಕಣೆ, ಅವರೇನು ಮಾಡಿದ್ದಾರೆ ನಂಗೆ" ಅಂದೆ. ಅಪ್ಪ ಹೇಳುತ್ತಿದ್ದುದು ನೆನಪಾಯಿತು. ಇದ್ದಲು ಬೂದಿಯಾದ ಮೇಲೆ ತಿದಿ ಒತ್ತಿದರೆ ಕಬ್ಬಿಣ ಕಾಯುವುದಿಲ್ಲ, ಒತ್ತಿದವನ ಕಣ್ಣಿಗೇ ಬೂದಿ ಬೀಳುತ್ತದೆ.

ಆಗ ಆಸ್ಪತ್ರೆಗಳಿಗೆ ಮಿಷನ್ನು ಮಾರುವ ಮೈಸೂರಿನ ಆ ಶಿವಪ್ರಕಾಶನನ್ನು ಕರೆಸಿದೆ. ಮೇಜಿನ ಮೇಲೆ ಒಂದು ಫೋನು ಇಟ್ಟರೆ ಸಾಕು ಮೇಡಂ, ಡಾಕ್ಟರೂ ರೋಗಿಯೂ ಆಡುವ ಮಾತು ಕೇಳಿಸಿಕೊಂಡು ತಾನೇ ಕೇಸ್ ಶೀಟು ಬರೆಯುತ್ತದೆ, ಡಾಕ್ಟರು ಓದಿ 'ಸರಿ' ಒತ್ತಬೇಕು ಅಷ್ಟೆ ಅಂದ. ನಮ್ಮ ಕಡೆಯ ಮಾತು ಅದಕ್ಕೆ ತಿಳಿಯುತ್ತದೋ ಅಂತ ಪರೀಕ್ಷೆ ಮಾಡಲು ನಾನೇ ಕೂತು, "ಮಂಡಿ ಇಡ್ಕಬುಟ್ಟದೆ ಕಣ್ಲಾ, ನಿನ್ ಮಿಷಿನ್ ಮನೆ ಹಾಳಾಗ" ಅಂದೆ. ಮಂಡಿ ನೋವು, ಸ್ವಭಾವದಲ್ಲಿ ಸಿಡುಕು ಅಂತ ಅಚ್ಚುಕಟ್ಟಾಗಿ ಬರೆಯಿತು. ನೀನು ನಕ್ಕೆ. ಎಷ್ಟೋ ತಿಂಗಳ ಮೇಲೆ ನಕ್ಕಿದ್ದೆ. ಆ ನಗು ನೋಡಿಯೇ ನಾನು ಹೂಂ ಅಂದದ್ದು. ಇದನ್ನು ನಂಬು.

ಮೊದಲ ತಿಂಗಳು ಅವನು ಹೇಳಿದ ಹಾಗೇ ನಡೆಯಿತು. ನೀನು ಆರೂವರೆಗೆ ಪೆನ್ನು ಮುಚ್ಚಿ ಕೆರೆ ಏರಿಯ ಮೇಲೆ ನಡೆಯಲು ಹೋಗುತ್ತಿದ್ದೆ. ಬಿಸಿ ಅನ್ನ ಉಂಡೆ. ರೋಗಿಗಳ ಮುಖ ನೋಡಿ ಮಾತಾಡುತ್ತೀಯ ಅಂತ ನರ್ಸ್ ರಂಜಿತ ನನ್ನ ಹತ್ತಿರ ಬಂದು ಹೇಳಿದಳು. ದಿನಕ್ಕೆ ಎರಡು ಗಂಟೆ ಉಳಿಯಿತು.

ಆ ಎರಡು ಗಂಟೆ ಯಾರದು ಅಂತ ನಾನು ಕೇಳಲಿಲ್ಲ ವೀಣ. ಕೌಂಟರಿನಲ್ಲಿ ಕೂತವಳಿಗೆ ಖಾಲಿ ಕುರ್ಚಿ ಕಂಡರೆ ಕೈ ತುರಿಸುತ್ತದೆ. ನಲವತ್ತು ಟೋಕನ್ ಇದ್ದದ್ದು ಎರಡನೇ ತಿಂಗಳು ಐವತ್ತಾಯಿತು, ನಾಲ್ಕನೇ ತಿಂಗಳು ಅರವತ್ತೈದು. ಗುರುವಾರ ನಾಗಮಂಗಲದಲ್ಲಿ ಕ್ಯಾಂಪು ಬೇರೆ. ಬರೆಯುವುದೇ ಇಲ್ಲವಲ್ಲ, ನೋಡುವುದಕ್ಕೇನು ಅಂದೆ. ನೀನು ಬೇಡ ಅನ್ನಲಿಲ್ಲ. ಬೇಡ ಅನ್ನುವುದನ್ನು ನಿನಗೆ ನಾನು ಯಾವತ್ತು ಕಲಿಸಿದ್ದೆ? ಕೆರೆ ಏರಿಯ ನಡಿಗೆ ನಿಂತುಹೋಯಿತು. ಒಂದೊಂದೇ ಶೀಟು ಓದಿ 'ಸರಿ' ಒತ್ತುತ್ತಿದ್ದವಳು, ದಿನದ ಕೊನೆಗೆ ಅರವತ್ತೈದಕ್ಕೂ ಒಟ್ಟಿಗೆ ಒತ್ತತೊಡಗಿದೆ.

ನಮ್ಮ ಗಂಟೆಯ ಸನ್ನೆಯೂ ಆಗಲೇ ತಪ್ಪಿದ್ದು. ವಿಚಾರಣೆಯವರಿಗೆ ಇದು ಗೊತ್ತಿಲ್ಲ, ನಮ್ಮಿಬ್ಬರಿಗೆ ಮಾತ್ರ ಗೊತ್ತು. ಬಸುರಿ ಸೊಸೆಯನ್ನು ಅತ್ತೆಯೇ ಕರೆದುಕೊಂಡು ಬರುವುದು, ಕೇಳಿದ್ದಕ್ಕೆಲ್ಲ ಅತ್ತೆಯೇ ಉತ್ತರ ಹೇಳುವುದು ನಮ್ಮ ಕಡೆ ಇದ್ದದ್ದೇ. ಹುಡುಗಿ ನೆಲ ನೋಡುತ್ತಿರುತ್ತಾಳೆ. ಅದಕ್ಕೇ ನೀನು ಮೇಜಿನ ಗಂಟೆಯನ್ನು ಎರಡು ಸಲ ಒತ್ತುತ್ತಿದ್ದೆ. ಒಂದು ಸಲ ಒತ್ತಿದರೆ ಮುಂದಿನವರು ಒಳಗೆ, ಎರಡು ಸಲ ಒತ್ತಿದರೆ ಅಕ್ಕ ಒಳಗೆ. "ಅಮ್ಮಾ, ಹೊರಗೆ ಬಂದು ಒಂದು ರುಜು ಹಾಕಿ" ಅಂತ ನಾನು ಅತ್ತೆಯನ್ನು ಎಬ್ಬಿಸಿಕೊಂಡು ಹೋಗಿ, ಹಸು ಎಷ್ಟು ಹಾಲು ಕೊಡುತ್ತೆ, ಯಾರ ಮಗಳ ಮದುವೆ ಅಂತ ಮಾತಿನಲ್ಲಿ ಕಟ್ಟಿಹಾಕುತ್ತಿದ್ದೆ. ಒಳಗೆ ಹುಡುಗಿ ಬಾಯಿ ಬಿಡುತ್ತಿದ್ದಳು. ಏಳು ನಿಮಿಷದ ಕೆಲಸ. ಅರವತ್ತೈದು ಟೋಕನ್ನಿನಲ್ಲಿ ಏಳು ನಿಮಿಷಕ್ಕೆ ಜಾಗವಿರಲಿಲ್ಲ. ಎರಡು ಮೂರು ಸಲ ನಾನೇ ಮುಖ ಸಿಂಡರಿಸಿದೆ. ನೀನು ಒತ್ತುವುದು ಕಮ್ಮಿಯಾಯಿತು.

ಅಕ್ಟೋಬರ್ ಹದಿನೈದು, ಬುಧವಾರ. ಬೂಕನಕೆರೆಯ ಪುಟ್ಟತಾಯಮ್ಮ ತನ್ನ ಸೊಸೆ ಮೇಘನಳನ್ನು ಕರೆತಂದಳು. ಟೋಕನ್ ಐವತ್ತೊಂದು. ಹುಡುಗಿಗೆ ಇಪ್ಪತ್ತೊಂದು ವರ್ಷ, ಎಂಟನೇ ತಿಂಗಳು. ಬಿ.ಪಿ. ಸ್ವಲ್ಪ ಮೇಲಿದೆ ಅಂತ ರಂಜಿತ ಬರೆದಳು. ಬಸ್ ಸ್ಟ್ಯಾಂಡಿಂದ ನಡ್ಕಂಡ್ ಬಂದೋ, ಅದಕ್ಕೇಯ ಅಂದಳು ಅತ್ತೆ. ತಲೆನೋವಿದೆಯಾ, ಕಣ್ಣು ಮಂಜಾಗುತ್ತಾ ಅಂತ ನೀನು ಕೇಳಿದೆ. "ಏನೂ ಇಲ್ಲ ಕಣವ್ವ, ಗುಂಡ್ಕಲ್ಲಿದ್ದಂಗವ್ಳೆ" ಅಂದಳು ಅತ್ತೆ. ಮಿಷನ್ನು ಒಂದಕ್ಷರ ತಪ್ಪು ಕೇಳಿಸಿಕೊಳ್ಳಲಿಲ್ಲ. ತಲೆನೋವು ಇಲ್ಲ, ದೃಷ್ಟಿ ಸರಿಯಾಗಿದೆ ಎಂದು ರೋಗಿ ಹೇಳುತ್ತಾರೆ ಅಂತ ಬರೆಯಿತು. ರೋಗಿ ಬಾಯಿಯನ್ನೇ ಬಿಟ್ಟಿರಲಿಲ್ಲ. ಸಂಜೆ ಎಲ್ಲದರ ಜೊತೆಗೆ ಅದಕ್ಕೂ ನಿನ್ನ 'ಸರಿ' ಬಿತ್ತು.

ಶನಿವಾರ ಮೈಯೆಲ್ಲ ಸೆಟೆದು ಫಿಟ್ಸ್ ಬಂದ ಹುಡುಗಿಯನ್ನು ಹೊತ್ತು ತಂದರು. ನೀನು ಇಂಜೆಕ್ಷನ್ ಕೊಟ್ಟು, ಮೈಸೂರಿಗೆ ಆಂಬುಲೆನ್ಸಿನಲ್ಲಿ ನೀನೇ ಜೊತೆಗೆ ಹೋದೆ. ಬೂಕನಕೆರೆಯಲ್ಲಿ ಅವಳ ಮನೆಯ ಮುಂದೆಯೇ ಹಾದು ಹೋದಿರಿ. ಪಾಂಡವಪುರ ಮುಟ್ಟುವ ಮೊದಲೇ ಜೀವ ಹೋಯಿತು. ಮಗುವೂ ಉಳಿಯಲಿಲ್ಲ. ಅವಳ ಗಂಡ ಲೋಕೇಶ ನನ್ನನ್ನು ಬೈಯಲಿಲ್ಲ. "ನಾಕ್ ದಿನ್ದಿಂದ ತಲೆಗೆ ಬಟ್ಟೆ ಬಿಗಿದ್ಕಂಡಿದ್ಲು, ಕಣ್ಮುಂದೆ ಮಿಂಚ್ದಂಗಾಯ್ತದೆ ಅಂತಿದ್ಲು. ಡಾಕ್ಟ್ರುಗೆ ಹೇಳವ್ಳೆ ಅಂದ್ಕಂಡಿದ್ದೆ" ಅಂದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪುಟ್ಟತಾಯಮ್ಮ ಈಗ ವಾರಕ್ಕೆ ಮೂರು ದಿನ ಬಂದು ಕೌಂಟರಿನ ಎದುರು ಬೆಂಚಿನ ಮೇಲೆ ಕೂರುತ್ತಾಳೆ. ಟೋಕನ್ ಕೇಳುವುದಿಲ್ಲ. ಮೊನ್ನೆ ಕಾಫಿ ಕೊಟ್ಟೆ. "ನೋವದೆ ಅಂದ್ರೆ ಹೊಟ್ಟೆ ಕೊಯ್ದ್ಬುಟ್ಟಾರು ಅಂತ ಹೆದರ್ಕಂಡೆ ಕಣ್ ತಾಯಿ, ನಾನೇಯ ಇಲ್ಲ ಅಂದೋಳು" ಅಂದಳು. ಕಾಫಿ ಮುಟ್ಟಲಿಲ್ಲ.

ಈಗ ಸೋಮವಾರದ ವಿಷಯ. ಗಂಟೆ ಒತ್ತುವುದನ್ನೇ ಮರೆತೆ, ಒತ್ತಿದ್ದರೆ ಅಕ್ಕ ಬರುತ್ತಿದ್ದಳು, ಹುಡುಗಿ ಬದುಕುತ್ತಿದ್ದಳು ಅಂತ ಚಿಕ್ಕಮ್ಮನ ಮುಂದೆ ನೀನು ಕಣ್ಣೀರಿಟ್ಟೆಯಂತೆ. ಅಷ್ಟು ದಣಿದವಳಿಗೆ ಏನು ನೆನಪಿರುತ್ತದೆ? ಅವತ್ತು ನನಗೂ ಗಂಟೆ ಕೇಳಿಸಲಿಲ್ಲ. ನನ್ನ ಮಾತು ಇಷ್ಟೆ. ಗಂಟೆಯ ಮಾತೇ ಎತ್ತಬೇಡ. ಅತ್ತೆಯ ಮಾತನ್ನು ರೋಗಿಯ ಮಾತೆಂದು ಬರೆದದ್ದು ಮಿಷನ್ನು, ತಪ್ಪು ಮಿಷನ್ನಿನದು ಅಂದುಬಿಡು, ನಮ್ಮ ವಕೀಲರ ಸಲಹೆಯೂ ಅದೇ. ಅದಕ್ಕೆ ಹೆಂಡತಿ ಮಕ್ಕಳಿಲ್ಲ, ಮಾನ ಮರ್ಯಾದೆಯಿಲ್ಲ. ನೀನು ವಾಪಸ್ಸು ಬಾ. ಟೋಕನ್ ನಲವತ್ತಕ್ಕೆ ಇಳಿಸುತ್ತೇನೆ, ಕ್ಯಾಂಪು ನಿಲ್ಲಿಸುತ್ತೇನೆ. ನಿನ್ನ ಕುರ್ಚಿಯ ಮೇಲೆ ಯಾರನ್ನೂ ಕೂರಿಸಿಲ್ಲ.

ಬಿಸಿಯಾಗಿ ಉಣ್ಣು.

ನಿನ್ನನ್ನು ಡಾಕ್ಟರು ಮಾಡಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ,
ನಿನ್ನ ಅಕ್ಕ
ನಾಗಲಕ್ಷ್ಮಮ್ಮ

ಮರೆತ ಮಾತು (ಅದೇ ದಿನ, ಸಂಜೆ): ಮರೆತಿರಲಿಲ್ಲ. ಮೇಲಿನ ಕಾಗದದಲ್ಲಿ ಒಂದು ಸುಳ್ಳಿದೆ. ಹರಿದು ಬೇರೆ ಬರೆಯಬಹುದಿತ್ತು. ನಿನ್ನ ಅಕ್ಕ ಎಷ್ಟು ಚೆನ್ನಾಗಿ ಸುಳ್ಳು ಬರೆಯುತ್ತಾಳೆ ಅಂತ ನೀನೇ ನೋಡು ಎಂದು ಹಾಗೇ ಬಿಟ್ಟಿದ್ದೇನೆ.

ಮಿಷನ್ನು ಬರೆಯುವುದು ಮಾತನ್ನು ಮಾತ್ರ. ಆದರೆ ಕೋಣೆಯ ಸದ್ದೆಲ್ಲ ಅದರಲ್ಲಿ ಮೂವತ್ತು ದಿನ ಉಳಿದಿದ್ದು ಆಮೇಲೆ ತಾನೇ ಅಳಿಸಿಹೋಗುತ್ತದೆ ಅಂತ ಶಿವಪ್ರಕಾಶ ಮೊದಲೇ ಹೇಳಿದ್ದ. ನಿನಗೆ ಇದು ಗೊತ್ತಿಲ್ಲ. ಇವತ್ತಿಗೆ ಮೂವತ್ತು. ನಾನು ದಿನ ಎಣಿಸುತ್ತಿದ್ದೆ. ಬೆಳಗ್ಗೆ ಈ ಕಾಗದ ಬರೆದು ಲಕೋಟೆಗೆ ಗೋಂದು ಹಚ್ಚುವಾಗ ಪುಟ್ಟತಾಯಮ್ಮ ಬಂದು ಬೆಂಚಿನ ಮೇಲೆ ಕೂತಳು. ತಾನೇ ಇಲ್ಲ ಅಂದದ್ದು ಅಂತ ಒಪ್ಪಿಕೊಂಡವಳ ಎದುರು ನನಗೆ ಲಕೋಟೆ ಅಂಟಿಸಲಾಗಲಿಲ್ಲ. ರಂಜಿತಳ ಕೈಲಿ ಆ ದಿನದ್ದನ್ನು ಎರಡು ಪೆನ್‌ಡ್ರೈವಿಗೆ ಹಾಕಿಸಿದೆ. ಒಂದನ್ನು ಮಧ್ಯಾಹ್ನ ಮಂಡ್ಯಕ್ಕೆ ಹೋಗಿ ವಿಚಾರಣೆಯವರಿಗೆ ಕೊಟ್ಟು, ಬರವಣಿಗೆಯಲ್ಲಿ ನನ್ನ ಹೇಳಿಕೆಯನ್ನೂ ಕೊಟ್ಟು ಬಂದೆ. ಇನ್ನೊಂದನ್ನು ಈ ಕಾಗದದ ಜೊತೆ ರಂಜಿತ ತರುತ್ತಾಳೆ.

ನೀನು ಮರೆತಿರಲಿಲ್ಲ ವೀಣ. ನಾಲ್ಕನೇ ನಿಮಿಷದಲ್ಲಿ ಗಂಟೆ ಇದೆ, ಎರಡು ಸಲ. ನನಗೆ ಅವತ್ತೇ ಕೇಳಿಸಿತ್ತು. ಕೌಂಟರಿನ ಮುಂದೆ ಹನ್ನೊಂದು ಜನ ನಿಂತಿದ್ದರು, ನಾನು ನಾಗಮಂಗಲದ ಕ್ಯಾಂಪಿಗೆ ಫೋನಿನಲ್ಲಿ ಶಾಮಿಯಾನ ಹೇಳುತ್ತಿದ್ದೆ, ಏಳಲಿಲ್ಲ. ಗಂಟೆಯಾದ ಮೇಲೆ ಹತ್ತೊಂಬತ್ತು ಸೆಕೆಂಡು ಯಾರೂ ಮಾತಾಡಿಲ್ಲ, ಹುಡುಗಿಯ ಬಳೆ ಸದ್ದು ಮಾತ್ರ ಇದೆ. ನೀನು ನನಗಾಗಿ ಕಾಯುತ್ತಿದ್ದೆ. ಆಮೇಲೆ ಒಂದು ಸಲ ಒತ್ತಿದ್ದೀಯ, ಟೋಕನ್ ಐವತ್ತೆರಡು ಒಳಗೆ ಬಂದಿದೆ.