ಉಜ್ಜಿದ ಬಿಲ್ಲೆ

ಆಮ್ಲುಖ್,
ನವೆಂಬರ್ ೧೧

ಇಡ್ವಲ್ ಅವರಿಗೆ, ಲೌರಿಯ ನಮಸ್ಕಾರ.

"ತಾಮ್ರಕ್ಕೆ ಕಪ್ಪೇ ಕಾಂತಿ" ಎಂದೇನೋ ಒಂದು ಸಾಲು ನೀವು ಹೇಳುತ್ತಿದ್ದಿರಿ. ಕಪ್ಪೇ ಎಂದಿತ್ತೋ, ಮುಪ್ಪೇ ಎಂದಿತ್ತೋ? ಎರಡೂ ಸರಿಯೆಂದು ಈಗ ತೋರುತ್ತದೆ. ಆಗ ನನಗೆ ಎರಡೂ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಹಳೆಯ ನಾಣ್ಯದ ಬಿಲ್ಲೆ ಸಂಗ್ರಹಿಸುವವರ ಕೂಟದಲ್ಲಿ ನಡೆದದ್ದರ ಬಗ್ಗೆ ಬರೆಯುತ್ತಿದ್ದೇನೆ. ಅಂದು ನೀವು ನೋಡಿದ ಬಿಲ್ಲೆ ನೆನಪಿರಬಹುದು: ಚಿಲ್ಲರೆಗೆ ಬರ ಬಂದಿದ್ದ ಕಾಲದಲ್ಲಿ ನಮ್ಮೂರ ಗಣಿಯವರು ಕೂಲಿ ಕೊಡಲು ಹೊಡೆಸಿದ ತಾಮ್ರದ ಪೆನ್ನಿ ಅದು, ಮುಸುಕು ಹೊದ್ದ ಗಡ್ಡದ ಮುದುಕನ ತಲೆಯ ಅಚ್ಚಿರುವುದು. ನನ್ನ ಗಂಡ ಎಮ್ಲಿನ್‌ಗೆ ಅವರ ಅಜ್ಜಿಯಿಂದ ಬಂದದ್ದು. ಕೂಟದ ರೂಢಿಯಂತೆ, ಎಮ್ಲಿನ್ ಬಿಚ್ಚಿ ನೋಡದೆ ಕೊಟ್ಟ ಪೊಟ್ಟಣವನ್ನು ಹಿರಿಯರಾದ ನೀವು ಕಿಟಕಿಯ ಬಳಿ ಒಯ್ದು ಬಿಚ್ಚಿದಿರಿ. ತಿರುಗಿ ಬಂದ ಬಿಲ್ಲೆ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು.

"ಏನೋ ಇಡ್ವಲ್, ನನ್ನ ಮುದುಕನಿಗೆ ಸ್ನಾನ ಮಾಡಿಸ್ದ್ಯೋ, ಇಲ್ಲಾ ಅವನ ಮೊಮ್ಮಗನ್ನ ಕಳಿಸ್ಕೊಟ್ಯೋ?" ಎಂದರು ಎಮ್ಲಿನ್. ಎಲ್ಲರೂ ನಕ್ಕರು. "ನಿನ್ನ ಕಣ್ಣಿಗೆ ಪೊರೆ ಬಂದಿದೆ ಕಣೋ" ಎಂದಿರಿ ನೀವು. ಆಮೇಲೆ ಯಾರೋ, ಅಸಲಿ ಎಲ್ಲಿ, ಜೇಬು ತೋರಿಸಿ ಎಂದರು. ನೀವು ಕೋಟಿನ ಎರಡೂ ಜೇಬು ಹೊರಗೆಳೆದು ತೋರಿಸಿ, ಟೋಪಿ ತೆಗೆದುಕೊಂಡು ಹೊರಟುಹೋದಿರಿ. ಮತ್ತೆ ಕೂಟಕ್ಕೆ ಬರಲಿಲ್ಲ.

ಅದು ಅದೇ ಬಿಲ್ಲೆ, ಇಡ್ವಲ್. ಹಿಂದಿನ ದಿನ ನಾನೇ ಅದನ್ನು ವಿನೆಗರಿನಲ್ಲಿ ಅದ್ದಿ, ಉಪ್ಪು ಹಾಕಿ, ಹಳೆಯ ಹಲ್ಲಿನ ಬ್ರಶ್ಶಿನಿಂದ ತಿಕ್ಕಿ, ಮತ್ತೆ ಪೊಟ್ಟಣ ಕಟ್ಟಿಟ್ಟಿದ್ದೆ. ನಾಲ್ಕು ಜನ ನೋಡುವಾಗ ಚೆನ್ನಾಗಿರಲಿ ಎಂದು. ಇನ್ನೂರು ವರ್ಷದ ಬಣ್ಣ ಹೋದರೆ ಅಸಲಿಯೂ ನಕಲಿಯಂತೆ ಕಾಣುತ್ತದೆಂದು ಅಲ್ಲೇ ಕಲಿತೆ. ಟೀ ಸುರಿಯುತ್ತಿದ್ದೆ, ಹೇಳಬಹುದಿತ್ತು. ಪಕ್ಕದವರಿಗೆ ಸಕ್ಕರೆ ಬೇಕೇ ಎಂದಷ್ಟೇ ಕೇಳಿದೆ.

ಎಮ್ಲಿನ್‌ಗೆ ಇನ್ನೂ ಹೇಳಿಲ್ಲ. ಶನಿವಾರದ ಕೂಟದಲ್ಲಿ ಎಲ್ಲರೆದುರು ಹೇಳುತ್ತೇನೆ. ಎಮ್ಲಿನ್‌ಗೆ ಏನೂ ತಿಳಿಯದು, ಅವರನ್ನು ಕ್ಷಮಿಸಿ. ನಿಮ್ಮ ಕುರ್ಚಿಯಲ್ಲಿ ನೀವು ಮತ್ತೆ ಕೂರಬೇಕು. ನೀವು ಬರದಿದ್ದರೂ ನಾನು ಹೇಳುವುದು ಹೇಳಿಯೇ ತೀರುತ್ತೇನೆ.

ತಡವಾಗಿ ಬಾಯಿಬಿಟ್ಟ,
ಲೌರಿ

ತಾ.ಕ.: ಪಕ್ಕದ ಮನೆಯ ನೆಸ್ಟಾ ಅಂಚೆಗೆ ಹೊರಟಿದ್ದಳು, ಇದನ್ನೂ ಕೊಡು ಎಂದಳು. ಲಕೋಟೆಯ ಮೇಲೆ ನಿಮ್ಮ ಹೆಸರು ನೋಡಿ ಏನು ವಿಷಯ ಎಂದು ಕೇಳಿದಳು, ಎಲ್ಲ ಹೇಳಿಬಿಟ್ಟೆ. ಬಾಗಿಲಲ್ಲೇ ನಿಂತು ಅಂದಳು: "ಅಯ್ಯೋ ಲೌರಿ, ಎಮ್ಲಿನ್‌ಗೆ ಆ ಬ್ರಶ್ಶು ನೋಡಿ ಮಾರನೇ ದಿನಾನೇ ಗೊತ್ತಾಗಿತ್ತು ಕಣೇ. ಹೆಂಡ್ತಿ ಹೆಸರು ಹೇಳೋಕೆ ಬಾಯಿ ಬರ್ಲಿಲ್ಲ, ಇಡ್ವಲ್ ಮನೆ ಕಡೆ ಕಾಲೂ ಏಳ್ಲಿಲ್ಲ ಅಂತ ನಮ್ಮನೇಲಿ ಕೂತು ಅತ್ತಿದ್ದ."